ಎಡಗಣ್ಣಿನ ಪಾಲು

ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಒಂದು ಕಾಲಕ್ಕೆ ಗಣಿಯ ದೊರೆಗಳು ಟೆನಿಸ್ ಆಡುತ್ತಿದ್ದ ಅಂಗಳದಲ್ಲಿ ಈಗ ಎಂಟು ಕುರಿಗಳಿವೆ. ಪಕ್ಕದ ಹಳೆಯ ಬಂಗಲೆಗೆ ಡಾಕ್ಟರ್ ಶ್ರೀಧರ್ ಸುಣ್ಣ ಹೊಡೆಸಿ, ‘ದೃಷ್ಟಿದೀಪ ನೇತ್ರ ಸಂಶೋಧನಾ ಕೇಂದ್ರ’ ಎಂದು ಬೋರ್ಡು ಹಾಕಿಸಿದ್ದಾರೆ. ಬೋರ್ಡಿನಲ್ಲಿ ಕನ್ನಡ, ತಮಿಳು, ಇಂಗ್ಲಿಷು ಮೂರೂ ಇವೆ. ತೆಲುಗು ಯಾಕಿಲ್ಲ ಎಂದು ಯಾರೋ ತಕರಾರು ಎತ್ತಿದ್ದರು. ಕುರಿಗಳು ಯಾವ ತಕರಾರೂ ಎತ್ತಿಲ್ಲ.

ಕುರಿಗಳನ್ನು ತಂದಿದ್ದು ಅವುಗಳ ಕಣ್ಣಿಗಾಗಿ. ಕಣ್ಣಿನೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಅಂಚಿನಲ್ಲಿರುವ ಒಂದು ಸಣ್ಣ ಜಾಲರಿಯಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಜಾಲರಿ ಕಟ್ಟಿಕೊಂಡರೆ ನೀರು ಒಳಗೇ ನಿಂತು ಒತ್ತಡ ಏರುತ್ತದೆ. ಒತ್ತಡ ಹಿಂದಿನ ನರವನ್ನು ತಿನ್ನುತ್ತಾ ಹೋಗುತ್ತದೆ. ಹೆಚ್ಚಿನವರಿಗೆ ನೋವಿರುವುದಿಲ್ಲ. ಹೋದ ದೃಷ್ಟಿ ವಾಪಸು ಬರುವುದಿಲ್ಲ. ಇದಕ್ಕೆ ಗ್ಲಾಕೋಮಾ ಎನ್ನುತ್ತಾರೆ. ಕೆಜಿಎಫ್‌ನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಗಣಿ ಮುಚ್ಚಿ ಪಂಪು ನಿಲ್ಲಿಸಿದ ಮೇಲೆ ಒಳಗೆ ನೀರು ತುಂಬಿಕೊಂಡಿದ್ದು ಇಲ್ಲಿ ಎಲ್ಲರಿಗೂ ಗೊತ್ತು.

ಜಾಲರಿ ಯಾಕೆ ಕಟ್ಟಿಕೊಳ್ಳುತ್ತದೆ ಎನ್ನುವುದು ಪ್ರಶ್ನೆ. ಸ್ಟೀರಾಯ್ಡ್ ಹನಿಯನ್ನು ದಿನಾ ಬಿಟ್ಟರೆ ಕುರಿಯ ಕಣ್ಣಿನ ಜಾಲರಿಯೂ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮೊದಲು ಗಟ್ಟಿಮುಟ್ಟಾಗಿರುವ ಕುರಿಗೆ ಕಾಯಿಲೆ ತರಿಸುವುದು, ಆಮೇಲೆ ಕಾಯಿಲೆ ಹೇಗೆ ಬಂತು ಎಂದು ಆಶ್ಚರ್ಯಪಡುವುದು. ಇದು ಸಂಶೋಧನೆಯ ಕ್ರಮ.

ಇದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ವಿಜ್ಞಾನಿಯಲ್ಲದವರೊಬ್ಬರು ಇರಬೇಕೆಂದು ಬಂಗಾರಪೇಟೆಯ ನಿವೃತ್ತ ಹೆಡ್‌ಮಾಸ್ಟರೊಬ್ಬರನ್ನು ಸೇರಿಸಿಕೊಂಡಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಕೆಲಸ ಮುಗಿದ ಮೇಲೆ ಕುರಿಗಳನ್ನ ಏನು ಮಾಡ್ತೀರಿ?” ಔಷಧಿ ಹಾಕಿದ ಕುರಿಯನ್ನು ತಿನ್ನುವಂತಿಲ್ಲ ಎಂದಾಗ ಅವರ ಮುಖ ಸಪ್ಪಗಾಯಿತು. ಆದರೂ ಸಹಿ ಹಾಕಿದರು. ದಯೆಯ ದೃಷ್ಟಿಯಿಂದ ಸಮಿತಿ ಒಂದು ಷರತ್ತು ಹಾಕಿತು. ಒಂದು ಕಣ್ಣಿಗೆ ಮಾತ್ರ ಕಾಯಿಲೆ ತರಿಸಬೇಕು, ಇನ್ನೊಂದನ್ನು ಬಿಡಬೇಕು. ಶ್ರೀಧರ್‌ಗೆ ಬೇಕಾಗಿದ್ದೂ ಅದೇ. ಬಲಗಣ್ಣಿಗೆ ಔಷಧಿ, ಎಡಗಣ್ಣಿಗೆ ಬರೀ ಉಪ್ಪುನೀರು. ಹೋಲಿಸಿ ನೋಡಲು ಕುರಿಯೊಳಗೇ ಇನ್ನೊಂದು ಕುರಿ ಸಿಕ್ಕ ಹಾಗೆ.

ಈ ಕೆಲಸ ಅರುಣಕುಮಾರಿಯದು. ಅವಳು ಸಂಶೋಧನಾ ವಿದ್ಯಾರ್ಥಿನಿ, ಬೂದಿಕೋಟೆ ಪಕ್ಕದ ಹಳ್ಳಿಯವಳು. ಬಂಗಲೆಯ ಹಿಂದಿನ ಕೋಣೆಯಲ್ಲಿ ಇರುತ್ತಾಳೆ, ಬಿಡುವಾದಾಗ ಮಾರಿಕುಪ್ಪಂ ಕಡೆಯಿಂದ ಬರುವ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ ಬಸ್ಸು ಹಿಡಿದು ಊರು ಸೇರುತ್ತಾಳೆ. ಅವಳ ಅಪ್ಪ ಅಶ್ವತ್ಥಪ್ಪನಿಗೆ ಎರಡೂ ಕಣ್ಣಲ್ಲಿ ಗ್ಲಾಕೋಮಾ. ಅದಕ್ಕೇ ಈ ವಿಷಯ ಆರಿಸಿಕೊಂಡಳು ಎಂದು ಶ್ರೀಧರ್ ಬಂದವರಿಗೆಲ್ಲ ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಿದ್ದರು. ನಿಜವೆಂದರೆ ಆ ವರ್ಷ ಬೇರೆ ಯಾವ ಮಾರ್ಗದರ್ಶಕರ ಬಳಿಯೂ ಜಾಗ ಖಾಲಿ ಇರಲಿಲ್ಲ.

ಕುರಿಗಳ ಜೊತೆ ಮುನಿನಾರಾಯಣಮ್ಮನೂ ಬಂದಿದ್ದಳು. ಕುರಿಗಳು ಆಕೆಯವೇ. ಕೇಂದ್ರಕ್ಕೆ ಮಾರಿದ ಮೇಲೆ, ಅವನ್ನು ಹಿಡಿಯಲು ಅಲ್ಲಿ ಯಾರಿಗೂ ಬರುವುದಿಲ್ಲ ಎಂದು ಗೊತ್ತಾಗಿ ಆಕೆಯನ್ನೂ ಕೆಲಸಕ್ಕೆ ಇಟ್ಟುಕೊಂಡರು. ಮೊದಲ ದಿನ ಅರುಣಕುಮಾರಿ ಎರಡು ಬಾಟಲಿ ತಂದು ತೋರಿಸಿದಳು.

“ಕೆಂಪು ಮುಚ್ಚಳದ್ದು ಬಲಗಣ್ಣಿಗೆ, ನೀಲಿ ಮುಚ್ಚಳದ್ದು ಎಡಗಣ್ಣಿಗೆ. ದಿನಕ್ಕೆ ಮೂರು ಸಲ.”

“ಕೆಂಪಿನಾಗೇನೈತಮ್ಮ?”

“ಔಷಧಿ.”

“ನೀಲಿನಾಗೆ?”

“ಉಪ್ಪುನೀರು.”

ಮುನಿನಾರಾಯಣಮ್ಮ ಪಕ್ಕದಲ್ಲಿ ನಿಂತಿದ್ದ ಕುರಿಯ ಗಲ್ಲ ಹಿಡಿದು ತಿರುಗಿಸಿ ನೋಡಿದಳು. “ಅದೇನ್ ಪಾಪ ಮಾಡ್ತಂತೆ?”

“ಯಾವುದು?”

“ಎಡಗಣ್ಣು.”

ಅರುಣಕುಮಾರಿ ನಕ್ಕಳು. “ಅದು ಹಂಗೇ ಕಣಮ್ಮ. ರೂಲ್ಸು.”

ಹನಿ ಬಿಡುವವರಿಗೆ ಯಾವ ಬಾಟಲಿಯಲ್ಲಿ ಏನಿದೆ ಎಂದು ಗೊತ್ತಿರಬಾರದು ಎಂದು ಪುಸ್ತಕದಲ್ಲಿದೆ. ಕೇಳಿದವರಿಗೆ ಸುಳ್ಳು ಹೇಳುವುದು ಹೇಗೆ ಎಂದು ಪುಸ್ತಕದಲ್ಲಿಲ್ಲ. ಅರುಣಕುಮಾರಿ ಅರ್ಧ ನಿಜ ಹೇಳಿದಳು. ಕೆಂಪು ಮುಚ್ಚಳದ್ದು ಕಾಯಿಲೆ ವಾಸಿ ಮಾಡುವ ಔಷಧಿಯಲ್ಲ, ಕಾಯಿಲೆ ತರಿಸುವ ಔಷಧಿ ಎನ್ನುವ ಇನ್ನರ್ಧ ಅವಳ ಬಾಯಿಂದ ಹೊರಡಲಿಲ್ಲ. ಕುರಿ ಸಾಕಿದವಳು ಕುರಿಯ ತಲೆ ಸವರುತ್ತಾ ಎದುರಿಗೇ ನಿಂತಿದ್ದಳು.

ಒತ್ತಡ ನೋಡಲು ಪೆನ್ನಿನಷ್ಟು ದಪ್ಪದ ಒಂದು ಉಪಕರಣವಿತ್ತು. ಕಣ್ಣಿಗೆ ತಾಗಿಯೂ ತಾಗದ ಹಾಗೆ ಹಿಡಿದರೆ ಟಕ್ಕೆಂದು ಅಂಕಿ ತೋರಿಸುತ್ತದೆ. ಒಂದು ಗುಂಡಿ ಒತ್ತಿದರೆ ಕುರಿ, ಇನ್ನೊಂದು ಗುಂಡಿ ಒತ್ತಿದರೆ ಮನುಷ್ಯ. ಕೇಂದ್ರದಲ್ಲಿ ಎಲ್ಲರೂ ಅದನ್ನು ಕುರಿ ಮೀಟರ್ ಎನ್ನುತ್ತಿದ್ದರು.

ಮೂರನೇ ವಾರಕ್ಕೆ ಕುರಿಗಳ ಬಲಗಣ್ಣಿನ ಒತ್ತಡ ಎರಡರಷ್ಟಾಯಿತು. ಅರುಣಕುಮಾರಿಗೆ ಖುಷಿಯಾಯಿತು. ಎಡಗಣ್ಣು ನೋಡಿದಳು. ಅದೂ ಎರಡರಷ್ಟಾಗಿತ್ತು. ಮೀಟರಿನ ಬ್ಯಾಟರಿ ಬದಲಾಯಿಸಿ ನೋಡಿದಳು. ಕುರಿ ಬದಲಾಯಿಸಿ ನೋಡಿದಳು. ಬಲಗಣ್ಣು ಎಷ್ಟೋ ಎಡಗಣ್ಣೂ ಅಷ್ಟೇ. ಕೆಂಪು ಮುಚ್ಚಳದ ಬಾಟಲಿಗಳು ಬೇಗ ಬೇಗ ಖಾಲಿಯಾಗುತ್ತಿದ್ದುದೂ ಅವಳಿಗೆ ಗೊತ್ತಿತ್ತು. ಕುರಿ ತಲೆ ಒದರಿದಾಗ ಹನಿ ಚೆಲ್ಲುತ್ತದೆ ಎಂದುಕೊಂಡು ಇನ್ನಷ್ಟು ತರಿಸಿಕೊಟ್ಟಿದ್ದಳು.

ಬೈಸಿಕೊಳ್ಳಲು ಸಿದ್ಧವಾಗಿಯೇ ಶ್ರೀಧರ್ ಕೋಣೆಗೆ ಹೋದಳು. “ಏನೋ ತಪ್ಪಾಗಿದೆ ಸಾರ್.”

ಶ್ರೀಧರ್ ಅಂಕಿಗಳನ್ನು ನೋಡಿದರು. ಆಮೇಲೆ ಫ್ಯಾನು ನೋಡಿದರು. ಫ್ಯಾನನ್ನು ಬಹಳ ಹೊತ್ತು ನೋಡಿದರು.

“ತಪ್ಪಲ್ಲ ಅರುಣಕುಮಾರಿ. ಇದು ಆವಿಷ್ಕಾರ.”

“ಸಾರ್?”

“ಜೋಡಿ ಎತ್ತು ನೋಡಿದ್ದೀರಲ್ಲ? ಒಂದು ಎತ್ತು ದಿಬ್ಬ ಹತ್ತಿದರೆ ಇನ್ನೊಂದು ಕೆಳಗೆ ನಿಲ್ಲೋಕಾಗುತ್ತಾ? ಆಗಲ್ಲ. ಯಾಕೆ? ನೊಗ! ಎರಡು ಕಣ್ಣಿನ ನಡುವೆ ಒಂದು ನೊಗ ಇದೆ.”

“ಎಲ್ಲಿ ಸಾರ್?”

“ಮೆದುಳಲ್ಲಿ.”

“ಮೆದುಳಲ್ಲಿ ಎಲ್ಲಿ?”

“ಅದನ್ನ ಹುಡುಕೋದೇ ಮುಂದಿನ ಪ್ರಾಜೆಕ್ಟು.”

ನೊಗ ಸಿದ್ಧಾಂತ ಹುಟ್ಟಿದ್ದು ಹೀಗೆ. ಆ ವಾರವೇ ಪತ್ರಿಕೆಯೊಂದರ ಜಿಲ್ಲಾ ಪುಟದಲ್ಲಿ ‘ವಿಜ್ಞಾನಿಗಳ ಕಣ್ಣು ತೆರೆಸಿದ ಕೋಲಾರದ ಕುರಿ’ ಎಂದು ಬಂತು. ಫೋಟೋದಲ್ಲಿ ಶ್ರೀಧರ್, ಅರುಣಕುಮಾರಿ ಮತ್ತು ಒಂದು ಕುರಿ. ಮೂವರಲ್ಲಿ ಕ್ಯಾಮೆರಾದ ಕಡೆ ನೇರವಾಗಿ ನೋಡಿದ್ದು ಕುರಿ ಮಾತ್ರ. ವರದಿಗಾರನ ಎದುರು ಶ್ರೀಧರ್‌ಗೆ ಇನ್ನೊಂದು ವಿಚಾರ ಹೊಳೆದುಬಿಟ್ಟಿತ್ತು. ಒತ್ತಡ ಜೊತೆಯಾಗಿ ಏರುವುದಾದರೆ ಜೊತೆಯಾಗಿ ಇಳಿಯಲೂಬೇಕು. ಅಂದರೆ ಗ್ಲಾಕೋಮಾ ಇರುವವರು ಬಲಗಣ್ಣೊಂದಕ್ಕೆ ಹನಿ ಬಿಟ್ಟುಕೊಂಡರೆ ಸಾಕು, ಎಡಗಣ್ಣು ನೊಗದ ಹಿಂದೆ ತಾನಾಗಿ ಬರುತ್ತದೆ.

“ಅದನ್ನ ನಾವು ನೋಡೇ ಇಲ್ಲವಲ್ಲ ಸಾರ್,” ಎಂದಳು ಅರುಣಕುಮಾರಿ, ವರದಿಗಾರ ಹೋದ ಮೇಲೆ.

“ನೊಗ ಹತ್ತೋವಾಗ ಮಾತ್ರ ಇರುತ್ತಾ? ಇಳಿಯೋವಾಗ ಕಳಚಿ ಬಿದ್ದುಹೋಗುತ್ತಾ?”

ಯೋಜನೆಗೆ ‘ಒಂದು ಹನಿ, ಎರಡು ಬೆಳಕು’ ಎಂದು ಹೆಸರಿಟ್ಟರು. ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ಉದ್ಘಾಟನೆ, ಉಚಿತ ಶಿಬಿರ. ಅರುಣಕುಮಾರಿಯ ಹೆಸರು ಆಹ್ವಾನ ಪತ್ರಿಕೆಯಲ್ಲಿ ಎರಡನೆಯದಾಗಿ ಬಂತು. ಡಾಕ್ಟರೇಟ್ ಬಂದ ಹಾಗೇ ಎಂದು ಶ್ರೀಧರ್ ಹೇಳಿದರು. ಅವಳೂ ನಂಬಿದಳು. ಹೆಸರು ಅಚ್ಚಾದ ಮೇಲೆ ನಂಬುವುದು ಸುಲಭ.

ಶಿಬಿರಕ್ಕೆ ಕೆಲವು ದಿನ ಉಳಿದಿರುವಾಗ ಅವಳು ಊರಿಗೆ ಹೋದಳು. ಹೋಗದೆ ತಿಂಗಳ ಮೇಲಾಗಿತ್ತು. ನಡುಮನೆಯ ಗೋಡೆಯ ಮೇಲೆ ಹಾಲಿನ ಡೈರಿಯ ಕ್ಯಾಲೆಂಡರಿನ ಪಕ್ಕದಲ್ಲಿ ಪತ್ರಿಕೆಯ ತುಣುಕು ಅಂಟಿಸಿದ್ದರು. ಅಶ್ವತ್ಥಪ್ಪ ಡೈರಿಗೆ ಹಾಲು ಹಾಕಲು ಹೋದಾಗ ಕ್ಯೂನಲ್ಲಿದ್ದವರಿಗೆಲ್ಲ ಅದನ್ನು ಫೋನಿನಲ್ಲಿ ತೋರಿಸಿ, ಕ್ಯೂ ಮುಗಿದ ಮೇಲೆ ಡೈರಿಯ ಕಾರ್ಯದರ್ಶಿಗೂ ತೋರಿಸುತ್ತಿದ್ದ.

ಸಂಜೆ ಆತ ಮಂಚದ ಮೇಲೆ ಅಂಗಾತ ಮಲಗಿದ. ಅರುಣಕುಮಾರಿಯ ಅವ್ವ ವರಲಕ್ಷ್ಮಮ್ಮ ಬಂದು ಬಲಗಣ್ಣಿಗೆ ಹನಿ ಬಿಟ್ಟು, ಬಾಟಲಿಯ ಮುಚ್ಚಳ ತಿರುಗಿಸಿ ಗೂಡಿನಲ್ಲಿಟ್ಟಳು.

“ಎಡಗಣ್ಣಿಗವ್ವ?”

“ಅದ್ಕೆ ರಜ,” ಎಂದ ಅಶ್ವತ್ಥಪ್ಪ ಮಲಗಿದಲ್ಲಿಂದಲೇ. “ಪೇಪರ್ನಾಗೆ ಬಂದ್ ದಿನಾನೇ ನಿಲ್ಸ್‌ಬಿಟ್ಟೆ. ಆ ಮದ್ದು ಬಿಟ್ರೆ ಮೆಣಸಿನಕಾಯಿ ಇಟ್ಟಂಗೆ ಉರಿತದೆ ಕಣಮ್ಮ. ಎರಡು ಉರಿನಾಗೆ ಒಂದು ತಪ್ಪುಸ್ದೆ ನೋಡು, ನನ್ ತಾಯಿ.”

ಆತನ ಬಲಗಣ್ಣು, ಔಷಧಿ ಶುರು ಮಾಡುವ ಮುಂಚೆಯೇ ಮುಕ್ಕಾಲು ಪಾಲು ಹೋಗಿತ್ತು. ಹಸುವಿನ ಕೆಚ್ಚಲು, ಡೈರಿಯ ದಾರಿ, ಮಗಳ ಫೋಟೋ ಎಲ್ಲವನ್ನೂ ಆತ ನೋಡುತ್ತಿದ್ದುದು ಎಡಗಣ್ಣಿನಲ್ಲಿ. ಇರುವ ಒಂದು ಕಣ್ಣಿನ ಔಷಧಿ ನಿಲ್ಲಿಸಿ, ಹೋದ ಕಣ್ಣಿಗೆ ತಪ್ಪದೆ ಬಿಟ್ಟುಕೊಳ್ಳುತ್ತಿದ್ದ. ಯಾಕೆಂದರೆ ಪತ್ರಿಕೆಯಲ್ಲಿ ಬಲಗಣ್ಣು ಎಂದಿತ್ತು.

“ಅಪ್ಪ, ಅದು ಕುರಿಗೆ.”

“ಕುರಿಗಾದ್ರೇನು? ಕುರಿಗೆ ಆಗಾದು ಮನುಷ್ರಿಗೂ ಆಯ್ತದೆ ಅಂತ ತಾನೆ ನೀವು ಕುರಿ ತಂದ್ ಇಟ್ಕಂಡಿರಾದು?”

ಅವಳು ಶಿಬಿರಕ್ಕೆಂದು ಬ್ಯಾಗಿನಲ್ಲಿ ತಂದಿದ್ದ ಮೀಟರ್ ತೆಗೆದು ಹಿಡಿದಳು. ಬಲಗಣ್ಣು ಹದಿನೇಳು. ಎಡಗಣ್ಣು ಮೂವತ್ತಾರು. ಇಪ್ಪತ್ತೊಂದು ದಾಟಿದರೇ ಯೋಚನೆ ಮಾಡಬೇಕು.

“ಯಾವ್ ಗುಂಡಿ ಒತ್ತಿದ್ದೆ?” ಎಂದ ಅಶ್ವತ್ಥಪ್ಪ.

“ಮನುಷ್ಯರದು.”

“ಕುರಿದು ಒತ್ತಿ ನೋಡು.”

“ಅಪ್ಪಾ! ಇವತ್ತಿಂದ ಎರಡು ಕಣ್ಣಿಗೂ ಬಿಡಬೇಕು. ಇಲ್ಲಾಂದ್ರೆ ಇದೂ ಹೋಗುತ್ತೆ.”

“ಅಷ್ಟು ದೊಡ್ಡ ಡಾಕ್ಟ್ರು ಪೇಪರ್ನಾಗೆ ಏಳವ್ರೆ. ಮಗಳು ಏಳಿದ್ಲು ಅಂತ ಡಾಕ್ಟ್ರ ಮಾತು ಮೀರಾಕಾಯ್ತದಾ?”

“ಆ ಡಾಕ್ಟ್ರಿಗೆ ಹೇಳಿದ್ದೇ ನಾನು!”

“ಅದ್ಕೇ ಅವ್ರ ಮಾತು ಕೇಳ್ತಿರಾದು.”

ವರಲಕ್ಷ್ಮಮ್ಮ ಬಾಟಲಿ ಹಿಡಿದು ಬಂದಳು. ಅಶ್ವತ್ಥಪ್ಪ ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ ಮುಖದ ಮೇಲೆ ಟವೆಲ್ಲು ಎಳೆದುಕೊಂಡ. ಶಿಬಿರದಲ್ಲಿ ಮೊದಲ ಫಲಾನುಭವಿ ಆತನೇ ಎಂದು ಶ್ರೀಧರ್ ಫೋನು ಮಾಡಿ ಹೇಳಿದ್ದರು. ಶಾಲು ಇದೆ ಎಂದೂ ಹೇಳಿದ್ದರು. “ನಾನು ಎರಡಕ್ಕೂ ಬಿಟ್ಕಂಡು ಅಲ್ಲಿಗೆ ಓದ್ರೆ ನಿನ್ ಮಾನ ಏನಾಯ್ತದೆ?” ಎಂದ, ಟವೆಲ್ಲಿನ ಒಳಗಿನಿಂದ.

ಅಪ್ಪನ ಕಣ್ಣಿನಲ್ಲಿ ನೊಗ ಇರಲಿಲ್ಲ. ಹಾಗಾದರೆ ಕುರಿಯ ಕಣ್ಣಿನಲ್ಲಿ ಎಲ್ಲಿಂದ ಬಂತು? ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಅವಳು ವಾಪಸು ಹೊರಟಳು. ಯಾರಿಗೂ ಹೇಳದೆ ನೇರವಾಗಿ ಕುರಿಗಳ ಹತ್ತಿರ ಹೋದಳು.

ಮುನಿನಾರಾಯಣಮ್ಮ ಒಂದು ಕುರಿಯನ್ನು ಮಂಡಿಗಳ ನಡುವೆ ಹಿಡಿದುಕೊಂಡಿದ್ದಳು. ನೀಲಿ ಬಾಟಲಿಯಿಂದ ಎರಡೂ ಕಣ್ಣು ತೊಳೆದಳು. ಸೆರಗಿನಿಂದ ಒರೆಸಿದಳು. ಕೆಂಪು ಬಾಟಲಿಯಿಂದ ಬಲಗಣ್ಣಿಗೆ ಒಂದು ಹನಿ ಬಿಟ್ಟಳು. ಕುರಿಯ ತಲೆಯನ್ನು ಆಚೆ ತಿರುಗಿಸಿ ಎಡಗಣ್ಣಿಗೆ ಒಂದು ಹನಿ ಬಿಟ್ಟಳು.

“ಏನ್ ಮಾಡ್ತಿದೀರ?”

“ಕಾಣಲ್ವಾ? ಮದ್ದು ಆಕ್ತಾ ಇವ್ನಿ.”

“ಎರಡಕ್ಕೂ?”

“ಮೊದ್ಲು ಉಪ್ಪುನೀರಾಗೆ ತೊಳ್ದು ಆಮೇಲೆ ಮದ್ದು. ತೊಳೀದೆ ಆಕಿದ್ರೆ ಇಡೀತದಾ?”

“ಯಾವಾಗಿಂದ ಹೀಗೆ?”

“ನೀನ್ ಬಾಟ್ಲು ಕೊಟ್ ದಿನದಿಂದ.”

“ಎಡಗಣ್ಣಿಗೆ ಬೇಡ ಅಂತ ಅವತ್ತೇ ಹೇಳಿದ್ದೆನಲ್ಲಮ್ಮ!”

“ಏಳಿದ್ದೆ. ಚಿಕ್ಕುಡ್ಗಿ, ತಿಳೀದೆ ಏಳ್ತದೆ ಅಂದ್ಕಂಡೆ.” ಮುನಿನಾರಾಯಣಮ್ಮ ಕುರಿಯನ್ನು ಬಿಟ್ಟು ಇನ್ನೊಂದನ್ನು ಎಳೆದುಕೊಂಡಳು. “ಕುರಿ ಎರಡು ಮರಿ ಆ‌ಕ್ತದೆ ಅಂತಿಟ್ಕೋ. ಜೋರಾಗಿರಾ ಮರಿ ಎರಡು ಮೊಲೆನೂ ತಾನೇ ಕುಡೀತದೆ. ಅದ್ನ ಕಾಲ್ ಸಂದಿನಾಗೆ ಅದುಮ್ಕಂಡು ಬಡಕ್ಲು ಮರಿನ ಬಿಡ್ಬೇಕು. ನಮ್ಮಪ್ಪ ಕಲ್ಸಿದ್ದು. ಒಂದ್ ಕಣ್ಣಿಗೆ ಬೆಣ್ಣೆ, ಒಂದ್ ಕಣ್ಣಿಗೆ ಸುಣ್ಣ ಇಕ್ಕಾಕೆ ನನ್ ಕೈಲಾಗಲ್ಲ ಕಣಮ್ಮೋ. ಕುರಿ ನನ್ ಮುಖಾನೇ ನೋಡ್ತಿರ್ತದೆ.”

ಅರುಣಕುಮಾರಿ ಕುರಿಗಳಿಗೆ ನೀರಿಡುವ ಬಾನಿಯ ಅಂಚಿನ ಮೇಲೆ ಕುಳಿತಳು. ತಿಂಗಳುಗಟ್ಟಲೆಯ ಕೆಲಸ, ನೊಗ, ಪತ್ರಿಕೆ, ಡಾಕ್ಟರೇಟು ಎಲ್ಲವೂ ಆ ಬಾನಿಯಲ್ಲಿ ಕರಗಿ ಹೋಗುವುದು ಅವಳಿಗೆ ಕಾಣುತ್ತಿತ್ತು. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಅವತ್ತು ನುಂಗಿಕೊಂಡಿದ್ದ ಇನ್ನರ್ಧವನ್ನು ಈಗ ಹೇಳಿದಳು. ಕೆಂಪು ಬಾಟಲಿಯದು ಕಾಯಿಲೆ ತರಿಸುವ ಔಷಧಿ. ಕುರಿಗೆ ಕಾಯಿಲೆ ಬರಲಿ ಎಂದೇ ಹಾಕುತ್ತಿರುವುದು.

ಮುನಿನಾರಾಯಣಮ್ಮ ಬಾಟಲಿಯನ್ನು ದೂರ ಹಿಡಿದು ನೋಡಿದಳು. “ಅಂದ್ರೆ ನಾನು ಇಷ್ಟ್ ದಿನ ಪಾಲು ಆಕಿದ್ದು ಕಾಯ್ಲೆನಾ?”

“ಹೂಂ.”

“ಏಳಬಾರ್ದಾಗಿತ್ತಾ ಮುಂಚೇನೇ?”

“ಹೇಳಿದ್ದರೆ ಹಾಕ್ತಿದ್ರಾ?”

“ಒಂದ್ಕೂ ಆಕ್ತಿರ್ಲಿಲ್ಲ.” ಬಾಟಲಿಯನ್ನು ಅರುಣಕುಮಾರಿಯ ಮಡಿಲಿಗೆ ಹಾಕಿ ಆಕೆ ಎದ್ದುಹೋದಳು.

ಶ್ರೀಧರ್ ಅಷ್ಟು ಹೊತ್ತಿಗೆ ಶಿಬಿರದ ಬ್ಯಾನರಿನಲ್ಲಿ ತಮ್ಮ ಫೋಟೋ ಎಷ್ಟು ದೊಡ್ಡದಿರಬೇಕೆಂದು ಫೋನಿನಲ್ಲಿ ಹೇಳುತ್ತಿದ್ದರು. ಅರುಣಕುಮಾರಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಎದ್ದು ಬಾಗಿಲು ಮುಚ್ಚಿದರು.

“ಇದಕ್ಕೆ ಆಧಾರ ಏನು?”

“ನಾನೇ ನೋಡಿದೆ ಸಾರ್. ಮೊದಲ ದಿನದಿಂದ ಹಾಗೇ ಹಾಕ್ತಿದ್ದೆ ಅಂತ ಆಕೆಯೇ ಹೇಳಿದರು.”

“ನೀವು ನೋಡಿದ್ದು ಇವತ್ತು. ಮಿಕ್ಕಿದ್ದೆಲ್ಲ ಬಾಯಿ ಮಾತು. ಒಬ್ಬ ಕುರಿ ಕಾಯೋಳ ಬಾಯಿ ಮಾತಿಗೆ ವಿಜ್ಞಾನ ನಡೆಯಲ್ಲ.”

“ಇಷ್ಟು ದಿನ ಅವರ ಕೈ ನಂಬಿಕೊಂಡೇ ನಡೆದಿದೆಯಲ್ಲ ಸಾರ್?”

“ಕೈ ಬೇರೆ, ಬಾಯಿ ಬೇರೆ.”

“ನಮ್ಮಪ್ಪ ಎಡಗಣ್ಣಿಗೆ ಔಷಧಿ ನಿಲ್ಲಿಸಿಬಿಟ್ಟಿದ್ದಾರೆ. ಮೂವತ್ತಾರು ಇದೆ.”

ಶ್ರೀಧರ್ ಸಮಾಧಾನದ ದನಿಯಲ್ಲಿ ಹೇಳಿದರು: “ಒಬ್ಬ ವ್ಯಕ್ತಿಯ ಅಂಕಿಯಿಂದ ತೀರ್ಮಾನಕ್ಕೆ ಬರಬಾರದು ಅಂತ ಎಷ್ಟು ಸಲ ಹೇಳಿದ್ದೀನಿ ನಿಮಗೆ? ಅವರು ಒಬ್ಬರು. ಕುರಿಗಳು ಎಂಟು.” ಆಮೇಲೆ ಇನ್ನಷ್ಟು ಮೆಲ್ಲಗೆ, “ಎರಡೂ ಕಣ್ಣಿಗೆ ಔಷಧಿ ಬಿತ್ತು, ಎರಡೂ ಏರಿತು ಅಂತ ಬರೆದರೆ ಡಾಕ್ಟರೇಟ್ ಯಾರು ಕೊಡ್ತಾರೆ? ಶಿಬಿರ ಮುಗೀಲಿ, ಆಮೇಲೆ ನೋಡೋಣ. ನಿಮ್ಮ ತಂದೆಗೆ ಶಾಲು ಹೇಳಿದ್ದೀನಿ.”

ಶಿಬಿರದ ದಿನ ಕಲ್ಯಾಣ ಮಂಟಪ ತುಂಬಿತ್ತು. ಹಿಂದಿನ ದಿನದ ಮದುವೆಯ ‘ವೆಲ್‌ಕಮ್’ ಕಮಾನು ಹಾಗೇ ಇತ್ತು, ವಧೂವರರ ಹೆಸರಿನ ಮೇಲೆ ಶ್ರೀಧರ್ ಅವರ ಬ್ಯಾನರು ಕಟ್ಟಿದ್ದರು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೆಜಿಎಫ್, ಬಂಗಾರಪೇಟೆ, ಬೂದಿಕೋಟೆ ಕಡೆಯ ವಯಸ್ಸಾದವರು ಹಳೆಯ ಚೀಟಿಗಳನ್ನು ಹಿಡಿದು ಕುಳಿತಿದ್ದರು. ವೇದಿಕೆಯ ಮೇಲೆ ಒಂದು ಕುರಿಗೆ ಹಾರ ಹಾಕಿ ನಿಲ್ಲಿಸಿದ್ದರು. ಹಗ್ಗ ಹಿಡಿದು ಮುನಿನಾರಾಯಣಮ್ಮ ನಿಂತಿದ್ದಳು. ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಕುರಿ ಅರ್ಧ ಹಾರ ತಿಂದಿತ್ತು.

ಅಶ್ವತ್ಥಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ವೇದಿಕೆಯ ಮೊದಲ ಕುರ್ಚಿಯಲ್ಲಿದ್ದ. ವೇದಿಕೆ ಹತ್ತುವಾಗ ಕೊನೆಯ ಮೆಟ್ಟಿಲು ಕಾಣದೆ ಎಡವಿದ್ದ. ಅದನ್ನು ಅರುಣಕುಮಾರಿ ನೋಡಿದ್ದಳು. ಆ ಮೆಟ್ಟಿಲು ಎಡಗಣ್ಣಿಗೆ ಕಾಣಬೇಕಿತ್ತು.

ಸಂಶೋಧನೆಯನ್ನು ಸರಳವಾಗಿ ವಿವರಿಸಬೇಕೆಂದು ಅವಳ ಕೈಗೆ ಮೈಕು ಕೊಟ್ಟರು. ಅವಳು ಸರಳವಾಗಿಯೇ ವಿವರಿಸಿದಳು.

“ಕುರಿಗಳ ಎರಡು ಕಣ್ಣಿಗೂ ಔಷಧಿ ಬಿದ್ದಿದೆ. ಅದಕ್ಕೇ ಎರಡೂ ಕಣ್ಣಿನ ಒತ್ತಡ ಏರಿದೆ. ನೊಗ ಗಿಗ ಏನೂ ಇಲ್ಲ. ನಾನು ಏನನ್ನೂ ಕಂಡುಹಿಡಿದಿಲ್ಲ. ಯಾರೂ ಒಂದು ಕಣ್ಣಿಗೆ ಔಷಧಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಆ ಕಣ್ಣು ಹೋಗುತ್ತೆ.”

ಭಾಷಣ ಮುಗಿಯಿತೆಂದು ಹಿಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಅಶ್ವತ್ಥಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ. ಶ್ರೀಧರ್ ಇನ್ನೊಂದು ಮೈಕು ಹಿಡಿದು, “ನೋಡಿ, ಎಂಥಾ ವಿನಯ! ನಾನು ಏನನ್ನೂ ಕಂಡುಹಿಡಿದಿಲ್ಲ ಅಂತಾರೆ. ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ಹೀಗೇ ಹೇಳೋದು,” ಎಂದರು. ಇನ್ನೊಮ್ಮೆ ಚಪ್ಪಾಳೆ ಬಿತ್ತು.

ಶ್ರೀಧರ್ ಶಾಲು ಹೊದಿಸಿದರು. ಅಶ್ವತ್ಥಪ್ಪನ ತಲೆಯನ್ನು ಹಿಂದಕ್ಕೆ ವಾಲಿಸಿ, ಫೋಟೋದವರ ಕಡೆ ತಿರುಗಿ ನಗುತ್ತಾ ಬಲಗಣ್ಣಿಗೆ ಒಂದು ಹನಿ ಬಿಟ್ಟರು. ಬಾಟಲಿಯ ಮುಚ್ಚಳ ಹಾಕಿದರು.

“ಅಯ್ಯಾ,” ಎಂದಳು ಮುನಿನಾರಾಯಣಮ್ಮ ಕುರಿಯ ಪಕ್ಕದಿಂದ. “ಇನ್ನೊಂದ್ ಕಣ್ಣು ಮರ್ತೋದ್ರಿ.”

“ಮರೆತಿಲ್ಲಮ್ಮ. ಒಂದೇ ಸಾಕು.”

“ಇದೂ ಕಾಯ್ಲೆ ತರ್ಸೋ ಮದ್ದಾ?”

“ಛೇ ಛೇ, ಇದು ವಾಸಿ ಮಾಡೋದು.”

“ವಾಸಿ ಮಾಡಾದು ಒಂದ್ಕೇನಾ?” ಮುನಿನಾರಾಯಣಮ್ಮ ಹಗ್ಗ ಎಳೆದುಕೊಂಡು ಮುಂದೆ ಬಂದಳು. ಕುರಿಯೂ ಬಂತು. “ಕಾಯ್ಲೆ ತರ್ಸೋದನ್ನೇ ನನ್ ಕುರಿಗೆ ಎರಡಕ್ಕೂ ಬಿಟ್ಟಿವ್ನಿ. ಈವಯ್ಯಂಗೆ ವಾಸಿ ಮಾಡಾದನ್ನ ಒಂದ್ಕೆ ಬಿಟ್ಟು ಮುಚ್ಚಳ ಆಕ್ತೀರಾ?”

ಅರುಣಕುಮಾರಿ ತನ್ನ ಮೈಕನ್ನು ಆಕೆಯ ಬಾಯಿಗೆ ಹಿಡಿದಳು. “ಕುರಿಗೆ ಎಷ್ಟು ಕಣ್ಣಿಗೆ ಹಾಕಿದ್ರಿ ಅಂತ ಜೋರಾಗಿ ಹೇಳಿ.”

“ಎರಡಕ್ಕೂ!” ಮಂಟಪದ ನಾಲ್ಕೂ ಮೂಲೆಯ ಸ್ಪೀಕರುಗಳಲ್ಲಿ ಅದು ಕೇಳಿಸಿತು. “ದಿನಾ ಮೂರ್ ಸಲ, ಎರಡಕ್ಕೂ!”

ಅಶ್ವತ್ಥಪ್ಪ ತಲೆ ಎತ್ತಿದ. ಬಲಗಣ್ಣಿನಿಂದ ನೀರು ಸುರಿಯುತ್ತಿತ್ತು. “ಕುರಿಗೆ ಎರಡಕ್ಕೂ ಬಿಟ್ಟವ್ರಾ?”

“ಹೂಂ ಕಣಪ್ಪೋ.”

ಆತ ಒಂದು ಕ್ಷಣ ಕುರಿಯನ್ನು ನೋಡಿದ. ಕುರಿ ಹಾರದ ದಾರ ಅಗಿಯುತ್ತಿತ್ತು. ಆತನ ಮುಖ ಕೆಂಪಾಯಿತು. ಮಗಳು ಮೂವತ್ತಾರು ಎಂದಾಗ ಆಗದ್ದು ಈಗ ಆಯಿತು. ಶಾಲು ತೆಗೆದು ಕುರ್ಚಿಯ ಮೇಲೆ ಎಸೆದ.

“ಏನ್ ಸಾರ್ ಇದು? ಕುರಿಗಿಂತ ಕಡೆನಾ ನಾನು?”

“ಅಶ್ವತ್ಥಪ್ಪನವರೇ, ನೊಗದ ಸಿದ್ಧಾಂತದ ಪ್ರಕಾರ...”

“ನೊಗ ನಿಮ್ಮ ಎಗಲ ಮೇಲೆ ಇಕ್ಕಳ್ರಿ. ನಂಗೆ ಎಡಗಣ್ಣಿಗೆ ಮದ್ದು ಬಿಡ್ರಿ ಮೊದ್ಲು.”

ಮುಂದಿನ ಸಾಲು ಎದ್ದು ನಿಂತಿತು. “ಕುರಿಗೆ ಎರಡು, ನಮ್ಗೆ ಒಂದಾ?” ಎಂದಿತು. ಮಾರಿಕುಪ್ಪಂ ಕಡೆಯ ಒಬ್ಬ ಮುದುಕಿ ತನ್ನ ಎರಡೂ ಕಣ್ಣಿಗೆ ಬೆರಳು ತೋರಿಸಿ, “ಎಂಗಳುಕ್ಕು ರೆಂಡು ಕಣ್ಣು ಇಲ್ಲೈಯಾ?” ಎಂದು ತಮಿಳಿನಲ್ಲಿ ಕೂಗಿದಳು. ಯಾರೋ ಕುರ್ಚಿ ಹತ್ತಿದರು. ನೊಗ ಇದೆಯೋ ಇಲ್ಲವೋ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದು ಪಾಲು.

ಶ್ರೀಧರ್ ಬುದ್ಧಿವಂತರು. ಮಂಟಪದ ಬಾಗಿಲು ಎಷ್ಟು ದೂರವಿದೆ ಎಂದು ಒಮ್ಮೆ ನೋಡಿದರು, ಮೈಕು ಹತ್ತಿರ ತಂದುಕೊಂಡರು.

“ಶಾಂತವಾಗಿರಿ. ಎರಡೂ ಕಣ್ಣಿಗೆ ಹನಿ ಬಿಡುವುದು ನಮ್ಮ ಯೋಜನೆಯ ಎರಡನೇ ಹಂತ. ನಿಮ್ಮ ಉತ್ಸಾಹ ನೋಡಿ ಅದನ್ನು ಇವತ್ತೇ ಜಾರಿಗೆ ತರುತ್ತಿದ್ದೇವೆ!”

ಚಪ್ಪಾಳೆಗೆ ಕುರಿ ಬೆದರಿತು. ಮರುದಿನದ ಪತ್ರಿಕೆಯಲ್ಲಿ ‘ಎರಡು ಹನಿ, ಎರಡು ಬೆಳಕು: ಡಾ. ಶ್ರೀಧರ್ ವಿನೂತನ ಯೋಜನೆ’ ಎಂದು ಬಂತು. ಎರಡು ಕಣ್ಣಿಗೆ ಎರಡು ಹನಿ ಬಿಡುವುದರಲ್ಲಿ ವಿನೂತನ ಏನಿದೆ ಎಂದು ಯಾರೂ ಕೇಳಲಿಲ್ಲ. ನೊಗ ಸಿದ್ಧಾಂತದ ಮಾತು ಆಮೇಲೆ ಕೇಂದ್ರದಲ್ಲಿ ಬರಲಿಲ್ಲ. ಅರುಣಕುಮಾರಿಯ ಕೆಲಸ ಮೊದಲಿನಿಂದ ಶುರುವಾಯಿತು. ಹೊಸ ಕುರಿಗಳು, ಹೊಸ ಬಾಟಲಿಗಳು. ಹನಿ ಈಗ ಅವಳೇ ಬಿಡುತ್ತಾಳೆ, ಬಲಗಣ್ಣಿಗೆ ಮಾತ್ರ. ಮುನಿನಾರಾಯಣಮ್ಮ ಕುರಿಯನ್ನು ಹಿಡಿದುಕೊಡುತ್ತಾಳೆ. ಹನಿ ಬೀಳುವಾಗ ಮುಖ ಆಚೆ ತಿರುಗಿಸುತ್ತಾಳೆ. ಅರುಣಕುಮಾರಿಗೆ ಹಾಗೆ ತಿರುಗಿಸಲು ಆಗುವುದಿಲ್ಲ, ಗುರಿ ತಪ್ಪುತ್ತದೆ.

ಅಶ್ವತ್ಥಪ್ಪನ ಎಡಗಣ್ಣಿನ ಒತ್ತಡ ಮೂರು ವಾರಕ್ಕೆ ಹದಿನೆಂಟಕ್ಕೆ ಇಳಿಯಿತು. ದೃಷ್ಟಿಯ ಪರೀಕ್ಷೆ ಮಾಡಿಸಿದಾಗ ಕೆಳಗಿನ ಅಂಚಿನಲ್ಲಿ ಒಂದು ತುಂಡು ಕಪ್ಪಾಗಿತ್ತು. ಡೈರಿಗೆ ಹೋಗುವಾಗ ಈಗ ಆತ ಕಾಲಿನ ಮುಂದೆ ಕೋಲು ತಟ್ಟಿ ನೋಡುತ್ತಾನೆ. ಗೋಡೆಯ ಮೇಲಿನ ಪತ್ರಿಕೆಯ ತುಣುಕನ್ನು ತೆಗೆದಿಲ್ಲ. ಫೋಟೋದಲ್ಲಿ ಕುರಿ ಚೆನ್ನಾಗಿ ಬಂದಿದೆ ಎನ್ನುತ್ತಾನೆ.

ಅರುಣಕುಮಾರಿ ಮುಂದಿನ ಸಲ ಊರಿಗೆ ಹೋದಾಗ ಸಂಜೆ ತಾನೇ ಬಾಟಲಿ ತೆಗೆದುಕೊಂಡಳು. ಅಶ್ವತ್ಥಪ್ಪ ಮಂಚದ ಮೇಲೆ ಮಲಗಿದ.

“ಎಡಕ್ಕೆ ಎರಡು ಬಿಡು,” ಎಂದ.

“ಯಾಕೆ?”

“ಅಷ್ಟ್ ದಿನ ನಿಲ್ಸಿದ್ನಲ್ಲ. ಅದ್ರ ಪಾಲು ಬಾಕಿ ಐತೆ. ಸೇರ್ಸಿ ಬಿಡು.”

ಅವಳು ರೆಪ್ಪೆ ಹಿಡಿದು ಒಂದೇ ಹನಿ ಬಿಟ್ಟಳು. “ಅದರ ಬಾಕಿ ತೀರಲ್ಲಪ್ಪ. ಹೋಗಿದ್ದು ಹೋಯ್ತು.”

ಅಶ್ವತ್ಥಪ್ಪ ಉರಿಗೆ ಹಲ್ಲು ಕಚ್ಚಿದ. “ಬಲಕ್ಕೆ ಬಿಡು ಮತ್ತೆ,” ಎಂದು ತಲೆ ತಿರುಗಿಸಿದ. “ಅದೇನ್ ಪಾಪ ಮಾಡೈತೆ.”